ನಾಲ್ಕು ಮಿಲಿಮೀಟರಿನ ಹೆಸರು

ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ, ಡೈರಿಯಲ್ಲಿ ಮಾತ್ರ ಬರೆದಿದ್ದೆ: ಮಿಡಿಗೇಶಿ ಕೋಟೆಯನ್ನು ನಾನು ಎಡಬಲ ಅದಲುಬದಲು ಮಾಡಿ ಕಟ್ಟಿದ್ದೇನೆ. ಕೆಳಬಾಗಿಲು ಬಂಡೆಯ ಮೇಲಿನ ನೀರಿನ ದೊಣೆಯ ಬಲಕ್ಕೆ ಬರಬೇಕಿತ್ತು, ನನ್ನ ಮಾದರಿಯಲ್ಲಿ ಎಡಕ್ಕಿದೆ. ಗೋಂದು ಒಣಗಿ ಮೂರು ವಾರವಾಯಿತು. ಅದೇ ಪುಟದಲ್ಲಿ ಇನ್ನೊಂದು ಸಾಲಿದೆ, ಅದು ಇನ್ನೂ ನಾಚಿಕೆಗೇಡಿನದು. ನಾಲ್ಕು ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ‘ಕರಿಬಸಮ್ಮ’ ಎಂದು ಕೆತ್ತಿಸಿದರೆ ಎಷ್ಟು ಜಾಗ ಹಿಡಿಯುತ್ತದೆಂದು ಅಳೆದಿದ್ದೇನೆ. ಇಪ್ಪತ್ತೆರಡು ಮಿಲಿಮೀಟರ್. ನನಗೆ ಅಜ್ಜಿಯ ಹೆಸರು ಇಟ್ಟರಲ್ಲ ಎಂದು ಕಾಲೇಜಿನಲ್ಲಿ ಮೂರು ವರ್ಷ ತಲೆ ತಗ್ಗಿಸಿಕೊಂಡು ಹಾಜರಿ ಹೇಳಿದವಳು, ಅದೇ ಹೆಸರಿಗೆ ಹಿತ್ತಾಳೆಯ ಫಲಕದ ಮೇಲೆ ಜಾಗ ಹುಡುಕುತ್ತಿದ್ದೆ.

ನಮ್ಮ ಚಿಕ್ಕಪ್ಪ ಪ್ರಸನ್ನಕುಮಾರ್ ಮಧುಗಿರಿಯ ಕೋಟೆ ಬಳಗದ ಕಾರ್ಯದರ್ಶಿ. ಬಳಗದಲ್ಲಿ ಹನ್ನೊಂದು ಜನ. ಬೆಟ್ಟ ಹತ್ತುವವರು ಒಬ್ಬರೂ ಇಲ್ಲ. ಬೆಟ್ಟದ ಬುಡದಲ್ಲಿ ಕಾಫಿ ಕುಡಿಯುತ್ತ ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ಹೋದ ವರ್ಷದ ಭಾಷಣದಲ್ಲಿ ಚಿಕ್ಕಪ್ಪ, ಬಳಗದ ಗಾಜಿನ ಕಪಾಟಿನಲ್ಲಿ ನಾಲ್ಕು ಕೋಟೆಗಳ ಮಾದರಿ ಇಡುತ್ತೇವೆಂದು ಹೇಳಿಬಿಟ್ಟರು. ಮಧುಗಿರಿ, ಮಿಡಿಗೇಶಿ, ಪಾವಗಡ ಮತ್ತು ಕೊರಟಗೆರೆ ಕಡೆಯ ಚನ್ನರಾಯನದುರ್ಗ. ಹೇಳಿದ್ದು ಅವರು, ಥರ್ಮಾಕೋಲ್ ಕೊಯ್ದು ಪ್ಲಾಸ್ಟರ್ ಮೆತ್ತಿ ಬಣ್ಣ ಹಚ್ಚಿದ್ದು ನಾನು. ಹತ್ತು ತಿಂಗಳು ಹಿಡಿಯಿತು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿರುವವಳಿಗೆ ಬೇರೆ ಏನು ಕೆಲಸ ಎಂದು ಯಾರೂ ಕೇಳಲಿಲ್ಲ, ಎಲ್ಲರೂ ಅಂದುಕೊಂಡರು.

ಚಿಕ್ಕಪ್ಪನ ಪಾಲಿನ ಕೆಲಸಕ್ಕೆ ಅಧ್ಯಯನ ಎಂದು ಹೆಸರು. ಮಿಡಿಗೇಶಿಗೆ ಹೋಗಿ ಹದಿನಾಲ್ಕು ಫೋಟೊ ಕಳಿಸಿದರು. ಹದಿನಾಲ್ಕೂ ಸೆಲ್ಫಿ. ಮುಕ್ಕಾಲು ಪಾಲು ಅವರ ಮುಖ, ಕಿವಿಯ ಹಿಂದೆ ಒಂದಿಷ್ಟು ಕೋಟೆ. ಆ ಕಿವಿಯ ಹಿಂದಿನದನ್ನೆಲ್ಲ ಜೋಡಿಸಿ ನಾನು ಬೆಟ್ಟ ಕಟ್ಟಿದೆ. ಕಟ್ಟಿ ಮುಗಿಸಿದ ಮೇಲೆ ಒಂದು ದಿನ ಕಣ್ಣಿಗೆ ಬಿತ್ತು: ಎಡಕ್ಕಿರಬೇಕಾದ ಅವರ ಅಂಗಿಯ ಜೇಬು ಎಲ್ಲ ಫೋಟೊದಲ್ಲೂ ಬಲ ಎದೆಯ ಮೇಲಿದೆ. ಫೋನು ಕನ್ನಡಿಯ ಹಾಗೆ ಮುಖವನ್ನೂ ತಿರುಗಿಸಿತ್ತು, ಬೆಟ್ಟವನ್ನೂ ತಿರುಗಿಸಿತ್ತು.

ಒಡೆದು ಮತ್ತೆ ಕಟ್ಟಬಹುದಿತ್ತು. ಯಾರು ನೋಡುತ್ತಾರೆ ಎಂದುಕೊಂಡೆ. ಇವರು ಕೋಟೆ ನೋಡುವವರಲ್ಲ, ಹೆಸರು ಓದುವವರು. ಬಳಗದ ಕೊಠಡಿಯ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಗಳ ಹೆಸರಿದೆ. ದಾನಿಗಳ ಮನೆಯವರು ಬಂದ ದಿನ, ತಿರುಗಿದರೆ ಓದಲು ಆಗುವುದಿಲ್ಲವೆಂದು ಫ್ಯಾನ್ ನಿಲ್ಲಿಸಿ ಎಲ್ಲರೂ ಬೆವರುತ್ತ ಕೂತದ್ದನ್ನು ನಾನೇ ನೋಡಿದ್ದೇನೆ. ಇಂಥವರಿಗೆ ಬಾಗಿಲು ಯಾವ ಕಡೆ ಇದ್ದರೇನು?

ಮಾದರಿಗಳ ಪೀಠಕ್ಕೆ ಹಿತ್ತಾಳೆಯ ಹೆಸರಿನ ಫಲಕ ಮಾಡಿಸಲು ಮೊನ್ನೆ ನಾನೂ ಚಿಕ್ಕಪ್ಪನೂ ಶಿರಾಗೆ ಹೊರಟೆವು. ಅಳತೆಗೆಂದು ಮಿಡಿಗೇಶಿಯನ್ನು ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

‘ಏನಮ್ಮ ಅದು, ಕೇಕಾ?’ ಎಂದ ಕಂಡಕ್ಟರ್.

ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ, ‘ಕೋಟೆ ಕಣಪ್ಪ. ನಾನೇ ಮಾಡಿರಾದು’ ಎಂದರು.

‘ಅಂಗಾದ್ರೆ ಕೋಟೆಗೆ ಟಿಕೆಟ್ ಬ್ಯಾಡ. ರಾಜ್ರು ತಗಳಿ.’

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಚಿಕ್ಕಪ್ಪ ಅದನ್ನು ಮರ್ಯಾದೆ ಎಂದುಕೊಂಡು ಕಾಲರ್ ಸರಿಮಾಡಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ, ಅವರ ಬಗ್ಗೆ ಡೈರಿಯಲ್ಲಿ ಬರೆಯಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತ ಕೂತೆ. ನನ್ನ ಶೌರ್ಯ ಯಾವಾಗಲೂ ಇಷ್ಟೇ.

ಹಬೀಬ್ ಸಾಬರದು ಪಾತ್ರೆಗಳ ಮೇಲೆ ಹೆಸರು ಕೊರೆಯುವ ಅಂಗಡಿ. ಮದುವೆಯ ಕೊಡ, ತಟ್ಟೆ, ತಪ್ಪಲೆ ಮೊದಲುಗೊಂಡು ಡಾಕ್ಟರರ ಬಾಗಿಲಿನ ಬೋರ್ಡಿನವರೆಗೆ. ಎಪ್ಪತ್ತು ದಾಟಿದ ಮನುಷ್ಯ. ನಾವು ಹೋದಾಗ ಒಬ್ಬ ಹೆಂಗಸು ಹೊಸ ಸ್ಟೀಲ್ ಡಬ್ಬ ಹಿಡಿದು, ಚೀಟಿ ಮುಂದೆ ಚಾಚಿ ನಿಂತಿದ್ದಳು.

‘ಚೀಟಿ ಬ್ಯಾಡಮ್ಮ, ಬಾಯಲ್ಲಿ ಹೇಳು’ ಎಂದರು ಸಾಬರು.

‘ಅದ್ರಾಗೆ ಬರ್ದೈತಲ್ಲ ಸಾಬ್ರೆ.’

‘ಚೀಟಿ ಯಾರಾದ್ರೂ ಬರೀತಾರೆ. ಕೊರೆದ ಮ್ಯಾಲೆ ಅಳಿಸಕ್ಕಾಗಲ್ಲ. ಡಬ್ಬ ಯಾರ್ದೋ ಅವರೇ ಹೇಳ್ಬೇಕು.’

ಅವಳು ‘ಮುನಿಯಮ್ಮ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ಸಾಬರು ‘ಮುನಿಯಮ್ಮ’ ಎಂದು ತಿರುಗಿ ಹೇಳಿ, ಆಮೇಲೆ ಮೆಷಿನ್ ಚಾಲೂ ಮಾಡಿದರು. ಎಷ್ಟು ಸಲೀಸಾಗಿ ಹೇಳಿದಳು ಎಂದು ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮ ಸರದಿ ಬಂತು. ಚಿಕ್ಕಪ್ಪ ಮಡಚಿದ ಹಾಳೆ ಬಿಚ್ಚಿ ಓದಿದರು: ‘ಮಿಡಿಗೇಶಿ ಕೋಟೆ. ದಾನಿಗಳು: ಲೇಟ್ ಶಂಕರಲಿಂಗಪ್ಪನವರ ಜ್ಞಾಪಕಾರ್ಥ ಅವರ ಮಕ್ಕಳು, ಸೊಸೆಯಂದಿರು ಹಾಗೂ ಮೊಮ್ಮಕ್ಕಳು. ಅಧ್ಯಕ್ಷರು: ಗಂಗಾಧರಯ್ಯನವರು. ಅಧ್ಯಯನ, ವಿನ್ಯಾಸ ಮತ್ತು ನಿರ್ಮಾಣ: ಪ್ರಸನ್ನಕುಮಾರ್.’

ಹಾಳೆಯ ಹಿಂಬದಿಯಲ್ಲಿ ಏನಾದರೂ ಇದೆಯೇ ಎಂದು ನಾನು ಬಗ್ಗಿ ನೋಡಿದೆ. ಖಾಲಿ ಇತ್ತು.

ಸಾಬರು ಪೀಠದ ಅಂಚಿಗೆ ಸ್ಕೇಲು ಹಿಡಿದರು. ‘ಸಾರ್, ಜಾಗ ಇರಾದು ಮೂರು ಸೆಂಟಿಮೀಟರ್. ಇಷ್ಟೂ ಹೊಡೆದ್ರೆ ಅಕ್ಷರ ರಾಗಿಕಾಳು ಆಯ್ತದೆ.’

‘ಪ್ಲೇಟ್ ದೊಡ್ಡದು ಮಾಡಿ.’

‘ಎಷ್ಟು ದೊಡ್ಡದು?’

ಚಿಕ್ಕಪ್ಪ ಎರಡೂ ಕೈಯಲ್ಲಿ ಊಟದ ತಟ್ಟೆಯಷ್ಟು ತೋರಿಸಿದರು.

‘ಅಷ್ಟಾದ್ರೆ ಕೋಟೆ ಕಾಣ್ಸಲ್ಲ ಸಾರ್.’

‘ಮ್ಯಾಲಿಂದ ಬಗ್ಗಿ ನೋಡ್ಕತಾರೆ ಬುಡಿ. ಹೆಸ್ರು ಕಾಣ್ಬೇಕು.’

‘ಸ್ಕೇಲ್ ಎಷ್ಟು ಹಾಕ್ಲಿ? ಒಬ್ರು ಹಡಗು ಮಾಡಿದ್ದೋರು ಹಾಕಿಸ್ಕಂಡು ಹೋಗಿದ್ರು, ಇಷ್ಟಕ್ಕೆ ಒಂದು ಅಂತ.’

‘ಸ್ಕೇಲಾ?’ ಚಿಕ್ಕಪ್ಪ ನನ್ನನ್ನು ನೋಡಿದರು. ‘ಹನ್ನೆರಡು ಇಂಚಿಂದು ಅಲ್ಲೇನಲೇ ಪುಟ್ಟಿ?’

‘ಒಂದಕ್ಕೆ ಎಂಟುನೂರು’ ಎಂದೆ. ಮೆಷಿನ್ ನಿಂತಿದ್ದರೂ ನನ್ನ ದನಿ ಯಾರಿಗೂ ಕೇಳಿಸಲಿಲ್ಲ. ಹತ್ತು ತಿಂಗಳು ಒಂದೊಂದು ಗೋಡೆಯನ್ನೂ ಎಂಟುನೂರರಿಂದ ಭಾಗಿಸಿದವಳು ನಾನು. ನಿರ್ಮಾಣ ಮಾಡಿದವರು ಅಡಿಪಟ್ಟಿಯ ಉದ್ದ ಹೇಳುತ್ತಿದ್ದಾರೆ. ಇವರ ಮೇಲೆ ಸಿಟ್ಟು ಮಾಡುವುದೂ ದಂಡ ಅನಿಸಿತು.

ಸಾಬರು ದುಪ್ಪಟಿಯನ್ನು ಪೂರ್ತಿ ಸರಿಸಿದರು. ಕನ್ನಡಕ ಏರಿಸಿ ಬಗ್ಗಿದರು. ಒಂದೊಂದೇ ಗೋಡೆಯನ್ನು ನೋಡುತ್ತ ಹೋದರು. ಬಳಗದ ಹನ್ನೊಂದು ಜನ ಒಟ್ಟು ಸೇರಿಯೂ ಅಷ್ಟು ಹೊತ್ತು ಅದನ್ನು ನೋಡಿರಲಿಲ್ಲ.

‘ನಮ್ಮ ನಾನಿ, ನಮ್ಮಮ್ಮನ ಅಮ್ಮ, ಅವರೂರು ಮಿಡಿಗೇಶಿ’ ಎಂದರು. ‘ರಜಾ ಬಂದ್ರೆ ಅಲ್ಲೇ ಇರ್ತಿದ್ದೆ. ಈ ದೊಣೇಲೇ ನಾನು ಈಜು ಕಲ್ತಿದ್ದು.’ ಬೆರಳು ದೊಣೆಯ ಮೇಲೆ ನಿಂತಿತು, ಮುಟ್ಟಲಿಲ್ಲ. ‘ಗೋಡೆ ಚೆಂದಾಗೈತೆ. ಅಲ್ಲಿನ ಬಿರುಕು ಸುದ್ದಾ ಹಂಗೇ ಐತೆ. ಆದ್ರೆ ಬಾಗಿಲು ಈ ಕಡೆ ಅಲ್ಲ. ಯಾರಾದ್ರೂ ಬೈಯಕ್ಕೆ ಬಂದ್ರೆ ಬಟ್ಟೆ ಎತ್ಕಂಡು ಬಾಗಿಲಿಗೆ ಬಲಗಡೆ ಓಡ್ತಿದ್ವಿ. ಎಲ್ಲಾ ತಿರುಗಾಮುರುಗಾ ಐತಲ್ಲ. ಯಾರು ಮಾಡಿದ್ದು ಇದು?’

ಚಿಕ್ಕಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ‘ಮಾಡಿದ್ದು ಇವಳು. ನಮ್ಮಣ್ಣನ ಮಗಳು. ನಾನು ಬರೀ ಹಿಂಗಿಂಗೆ ಅಂತ ಹೇಳ್ದೆ ಅಷ್ಟೇಯ. ಈ ಹುಡುಗೀರಿಗೆ ಎಡ ಬಲ ಎಲ್ಲಿ ಗೊತ್ತಾಯ್ತದೆ ಸಾಬ್ರೆ.’

ಹತ್ತು ತಿಂಗಳು ಅವರ ಬಾಯಿಂದ ಬಾರದ ಮಾತು, ತಪ್ಪು ಸಿಕ್ಕಿದ ಅರೆಕ್ಷಣದಲ್ಲಿ ಬಂತು.

ನನ್ನ ನಾಲಿಗೆಯ ಮೇಲೆ ಉತ್ತರ ಸಿದ್ಧವಾಗಿತ್ತು. ಸೆಲ್ಫಿ, ಜೇಬು, ಹದಿನಾಲ್ಕು ಸಲ ಅದೇ ಮುಖ. ಮೂರು ವಾರ ಡೈರಿಯಲ್ಲಿ ಮಸೆದಿದ್ದೆ. ಅದನ್ನು ಹೇಳಿದ್ದರೆ ಚಿಕ್ಕಪ್ಪ ಅಲ್ಲೇ ಮಣ್ಣಾಗುತ್ತಿದ್ದರು. ಅದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಮಿಡಿಗೇಶಿಗೆ ಮಧುಗಿರಿಯಿಂದ ದಿನಕ್ಕೆ ಎಷ್ಟೋ ಬಸ್ಸುಗಳಿವೆ. ಒಬ್ಬಳೇ ಹತ್ತಬೇಕಲ್ಲ, ಇಳಿದು ಯಾರನ್ನಾದರೂ ದಾರಿ ಕೇಳಬೇಕಲ್ಲ ಎಂದು ನಾನು ಮನೆಯಲ್ಲಿ ಕೂತು ಒಬ್ಬರ ಕಿವಿಯ ಹಿಂದೆ ಕೋಟೆ ಹುಡುಕಿದೆ. ಗೊತ್ತಾದ ಮೇಲೂ ಯಾರು ನೋಡುತ್ತಾರೆ ಎಂದು ಮುಚ್ಚಿಟ್ಟೆ. ಅವರು ನೋಡುವುದಿಲ್ಲ ಎಂದು ಅವರನ್ನು ಬೈದುಕೊಂಡೆ, ಅವರು ನೋಡುವುದಿಲ್ಲ ಎಂಬುದನ್ನೇ ನಂಬಿಕೊಂಡೆ.

ಸಾಬರು ಚಿಕ್ಕಪ್ಪನ ಹಾಳೆಯನ್ನು ಮಡಚಿ ಅವರ ಕೈಗೇ ಕೊಟ್ಟರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

‘ಯಾರು ಮಾಡಿದ್ರೋ ಅವರೇ ಬಾಯಲ್ಲಿ ಹೇಳ್ಬೇಕಮ್ಮ.’

‘ಬರೀ ಹೆಸ್ರು ಹೇಳಲೇ, ಬಸ್ ಹೋಯ್ತದೆ’ ಎಂದರು ಚಿಕ್ಕಪ್ಪ.

ಮೆಷಿನ್ ನಿಂತಿತ್ತು. ಮುನಿಯಮ್ಮ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಇನ್ನೂ ಅಲ್ಲೇ ನಿಂತು ನೋಡುತ್ತಿದ್ದಳು.

‘ಕರಿಬಸಮ್ಮ’ ಎಂದೆ, ಬೀದಿಗೆ ಕೇಳುವ ಹಾಗೆ. ‘ನಾನೇ ಮಾಡಿದ್ದು ಸಾಬ್ರೆ. ಒಂದು ದಿನಾನೂ ಹೋಗಿ ನೋಡ್ದೆ ಮಾಡಿದ್ದು.’