ಕಸದ ಪ್ರೊಫೆಸರ್

ಮಗಳು ಕುರ್ಚಿ ಹತ್ತಿ ಬಿಳಿ ಪರದೆಯ ಮೂಲೆಯನ್ನು ಮೊಳೆಗೆ ಸಿಕ್ಕಿಸುತ್ತಿದ್ದಾಗ ಅಮ್ಮನ ಶಿಷ್ಯ ಇಲ್ಲವೆಂದು ಕೈಯಾಡಿಸುತ್ತಾ ಬಂದ.

"ಅಕ್ಕಾ, ಚಿತ್ರ ಎಲ್ಲಾ ನೋಡ್ದೆ. ಮೇಡಂ ಒಂದರಲ್ಲೂ ಇಲ್ಲ."

"ಜೀವನಪೂರ್ತಿ ಸಾಕ್ಷ್ಯಚಿತ್ರ ಅಂತ ಒದ್ದಾಡಿದೋಳು. ಅವಳದೇ ಒಂದು ತುಣುಕು ಇಲ್ಲ ಅಂದ್ರೆ?"

"ಕ್ಯಾಮೆರಾ ಹಿಂದೆ ಇರ್ತಿದ್ರಲ್ಲ."

ಕಾಲೇಜಿನ ಸಭಾಂಗಣದ ನಡುವೆ ಅಮ್ಮ ಹೂವಿನ ಕೆಳಗೆ ಮಲಗಿದ್ದಳು. ಮಧ್ಯಾಹ್ನ ಕೊಂಡೊಯ್ಯುವ ಮುಂಚೆ ಆಕೆಯನ್ನು ಪರದೆಯ ಮೇಲೆ ಒಮ್ಮೆ ತೋರಿಸಬೇಕೆಂದು ಮಗಳು ಹಟ ಹಿಡಿದಿದ್ದಳು. ಬಂದವರಿಗಲ್ಲ, ಅಪ್ಪನಿಗೆ. ಅಮ್ಮ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. "ಅವಳು ನಡೀತಿದ್ದದ್ದು ಹೇಗಿತ್ತು ಅಂತಾನೇ ಮರೆತು ಹೋಗಿದೆ ಕಣಮ್ಮಾ" ಎಂದು ಬೆಳಿಗ್ಗೆ ಅಪ್ಪ ಹೇಳಿದ್ದರು. ಈಗ ಮುಂದಿನ ಬೆಂಚಿನಲ್ಲಿ ಒಬ್ಬರೇ ಕೂತು ಕನ್ನಡಕ ಒರೆಸುತ್ತಿದ್ದರು. ಕನ್ನಡಕದ ಅಂಗಡಿ ನಡೆಸಿದವರು, ಬೇಜಾರಾದರೂ ಅದೇ ಕೆಲಸ, ಖುಷಿಯಾದರೂ ಅದೇ ಕೆಲಸ.

ಪಕ್ಕದ ಸಾಲಿನಲ್ಲಿದ್ದ ನಿವೃತ್ತ ಇತಿಹಾಸದ ಮೇಷ್ಟ್ರು ಕತ್ತು ಚಾಚಿದರು. "ಕಸದ ಪ್ರೊಫೆಸರ್ ಅಲ್ವೇನಯ್ಯಾ ಆಕೆ? ಕಸದಲ್ಲಿ ಹುಡುಕಿದ್ಯಾ?"

ಶಿಷ್ಯ ನಿಂತಲ್ಲೇ ಹಣೆ ಚಚ್ಚಿಕೊಂಡ.

*

ಚಿತ್ರ ಸಿದ್ಧವಾದ ಮೇಲೆ ಯಾರಿಗೂ ಬೇಡವಾಗಿ ಉಳಿಯುವ ತುಣುಕುಗಳ ಮೇಲೆ ಅಮ್ಮ ಪಿಎಚ್.ಡಿ. ಮಾಡಿದ್ದಳು. ಕಸದ ಬುಟ್ಟಿಗೂ ಡಾಕ್ಟರೇಟೇ ಎಂದು ಪರೀಕ್ಷಕರು ನಕ್ಕಿದ್ದರು. ಅಲ್ಲಿಂದ 'ಕಸದ ಪ್ರೊಫೆಸರ್' ಎಂಬ ಹೆಸರು ಕಾಲೇಜಿಡೀ ಹರಡಿತು. ಆಕೆಗೆ ಅದರಿಂದ ಸಂತೋಷವೇ ಆಗಿತ್ತು. ಮುರಿದ ಮೇಜುಗಳ ಕೋಣೆಯನ್ನು ಗುಡಿಸಿ ಸಾಕ್ಷ್ಯಚಿತ್ರ ವಿಭಾಗ ಶುರುಮಾಡಿದಳು. ತನ್ನ 'ಕಸ'ವನ್ನೆಲ್ಲ ಹುಡುಗರ ಗೊಣಗಾಟ ಕೇಳಿಕೊಂಡೇ ಕಂಪ್ಯೂಟರಿಗೆ ಹಾಕಿಸಿದಳು.

ಈ ಶಿಷ್ಯ ಮೊದಲ ಬಾರಿಗೆ ಒಬ್ಬ ದರ್ಜಿಯ ಸಂದರ್ಶನ ತೆಗೆದು ಬೀಗುತ್ತಾ ಬಂದಿದ್ದ.

"ಇಲ್ಲಿ ಯಾಕೋ ಆಫ್ ಮಾಡ್ದೆ?"

"ಮಾತು ಮುಗೀತಲ್ಲ ಮೇಡಂ."

"ಮಾತು ಮುಗೀತು. ಮನುಷ್ಯ ಮುಗಿದ್ನಾ?" ಆಕೆ ನಿರ್ದಾಕ್ಷಿಣ್ಯವಾಗಿ ಅಂಕ ಕತ್ತರಿಸಿದಳು. "ಸಾಕು ಅಂತ ಹೇಳು. ಕ್ಯಾಮೆರಾನ ಅದರ ಪಾಡಿಗೆ ಬಿಟ್ಟು ಹೋಗಿ ಪಕ್ಕದಲ್ಲಿ ಕೂತ್ಕೋ. ಒಂದು ಲೋಟ ನೀರು ಕೊಡು. ಆಮೇಲೆ ಬಂದು ಆಫ್ ಮಾಡು."

*

"ನಾನೆಂಥಾ ಪೆದ್ದ ಅಕ್ಕಾ. ಮುಗಿದ ಚಿತ್ರಗಳನ್ನೇ ನೋಡ್ತಾ ಕೂತಿದ್ದೆ" ಎನ್ನುತ್ತಾ ಅವನು ವಿಭಾಗದ ಕಂಪ್ಯೂಟರಿನಿಂದ ಎಲ್ಲಕ್ಕಿಂತ ಹಳೆಯ 'ಕಸ'ವನ್ನು ತಂದು ಹಾಕಿದ.

ಪರದೆಯ ಮೇಲೆ ಕನ್ನಡಕದ ಅಂಗಡಿಯೊಂದು ಮೂಡಿತು. ಒಬ್ಬ ತರುಣ ಮೊಣಕಾಲ ಮೇಲೆ ಕೈಯಿಟ್ಟು, ಹಲ್ಲು ಕೀಳಿಸಿಕೊಳ್ಳಲು ಬಂದವನಂತೆ ಬೆಂಚಿನ ಮೇಲೆ ಬಿಗಿಯಾಗಿ ಕೂತಿದ್ದ. ಅಪ್ಪ ಅವಸರದಿಂದ ಕನ್ನಡಕ ಹಾಕಿಕೊಂಡರು.

"ದಿನಾ ಏನ್ ನೋಡ್ತೀರಾ?" ಕ್ಯಾಮೆರಾದ ಹಿಂದಿನಿಂದ ಅಮ್ಮನ ದನಿ.

"ಕಣ್ಣು."

"ಆಮೇಲೆ?"

"ಆಮೇಲೆ... ಇನ್ನೊಬ್ಬರ ಕಣ್ಣು."

ಸಭಾಂಗಣ ನಕ್ಕಿತು. ಇತಿಹಾಸದ ಮೇಷ್ಟ್ರಂತೂ ಕಣ್ಣೊರೆಸಿಕೊಂಡರು.

"ಸಾಕು ಬಿಡಿ. ನಿಮ್ಮನ್ನ ಕಟ್ಕೊಂಡು ಸಿನಿಮಾ ಮಾಡಿದ ಹಾಗೇ" ಎಂದಿತು ದನಿ.

ಮಾತು ಮುಗಿದರೂ ಚಿತ್ರ ಓಡುತ್ತಲೇ ಇತ್ತು. ಆಮೇಲೆ ಪರದೆಯ ಅಂಚಿನಿಂದ ಅಮ್ಮ ಬಂದಳು. ಎರಡು ಕೈಯಲ್ಲೂ ತುಂಬಿದ ಲೋಟ, ಒಂದು ಭುಜ ಸ್ವಲ್ಪ ಕೆಳಗೆ, ಚಪ್ಪಲಿ ಎಳೆಯುವ ಆ ಅವಸರದ ನಡಿಗೆ. ನೀರು ತುಳುಕಿ ಆಕೆ ತನ್ನಷ್ಟಕ್ಕೇ ಏನೋ ಬೈದುಕೊಂಡಳು. ಮಗಳು ಪರದೆ ಬಿಟ್ಟು ಅಪ್ಪನ ಕಡೆ ತಿರುಗಿದಳು.

ಪರದೆಯ ಮೇಲಿನ ತರುಣ ಬೆಂಚಿನ ತುದಿಗೆ ಜರುಗಿ ಆಕೆಗೆ ಜಾಗ ಮಾಡಿಕೊಟ್ಟ.

ಮುಂದಿನ ಸಾಲಿನಲ್ಲಿ, ಪರದೆಯಿಂದ ಕಣ್ಣು ಕೀಳದೆ, ಅಪ್ಪನೂ ನಿಧಾನವಾಗಿ ಪಕ್ಕಕ್ಕೆ ಜರುಗಿ ಕೂತರು.