ನವಿ ಪೇಠೆಯಲ್ಲಿ ಎರಡನೆಯ ಮಂಗಳವಾರ

ನಾ ಗುಳಿಗಿ ಕೊಡಾಕಿ ಅಲ್ಲರೀ ಮಾವಶಿ, ಗುಳಿಗಿ ಬರಿಯೋ ಡಾಕ್ಟರು ಕೆಳಗ ಕುಂಡ್ರತಾರ, ನಾ ಮಾತು ಕೇಳಾಕಿ, ಅನ್ನುತ್ತಿದ್ದಾಳೆ ಈ ರೂಪಾಲಿ ಬಾಯಿ, ನನ್ನ ಮಗಳು ದೀಪಾಲಿಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು, ಕೆಳಗಿನಿಂದ ನವಿ ಪೇಠೆಯ ಬಟ್ಟೆ ಅಂಗಡಿಯವರ ಕೂಗು, ತಲೆಯ ಮೇಲೆ ಫ್ಯಾನಿನ ಟಕ್ ಟಕ್ — ಮಾತು ಕೇಳುವುದೂ ಒಂದು ಕೆಲಸವೇ, ಅದಕ್ಕೂ ಸಾಲಿ ಕಲಿಯಬೇಕೇ, ಆರು ವರ್ಷ ಕಲತೀನ್ರಿ, ಅಂತಾಳೆ. ಕೆಳಗಿನ ಡಾಕ್ಟರ್ ಅಂಬಾದಾಸರು ನನ್ನ ಕೈ ಚಾಚಿಸಿ ನೋಡಿ, ನರದ ದೋಷ ಇಲ್ಲ ಜನಾಬಾಯಿ, ಕೂಸಿನ ಮುಂದಷ್ಟ ಕೈ ನಡಗತಾವಂದ್ರ ಗುಳಿಗಿ ಬ್ಯಾಡ, ಮ್ಯಾಲಿನ ಬಾಯಾರ ಜೋಡಿ ಮಾತಾಡ್ರಿ, ಅಂದು ಕಳಿಸಿದ್ದರು, ಹೋದ ಮಂಗಳವಾರ ಬಂದೆ, ಕೂತೆ, ಒಂದು ತಾಸು ತುಟಿ ಬಿಚ್ಚಲಿಲ್ಲ. ನನಗೇನು ಗೊತ್ತು, ತಡವಳದ ನಮ್ಮ ಬೀರೋಬನ ಗುಡಿಯಲ್ಲಿ ಕೇಳಲು ಹೋದವರು ಬಾಯಿ ಬಿಡುವಂತಿಲ್ಲ, ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು ಸುಮ್ಮನೆ ಕೂಡಬೇಕು, ಪೂಜಾರಿ ಕಲ್ಲಣ್ಣನ ಮೈಯಲ್ಲಿ ದೇವರು ಬಂದಾಗ ಅವನೇ ಹೇಳುತ್ತಾನೆ ನಿನ್ನ ಮನಸ್ಸಿನಲ್ಲಿ ಇಂಥದ್ದು ಕೂತಿದೆ ಅಂತ, ಮೊದಲೇ ನಾವು ಹೇಳಿಬಿಟ್ಟರೆ ಹೇಳಿಕೆ ಕೆಟ್ಟಂತೆ. ಇಲ್ಲೂ ಹಾಗೇ ಅಂದುಕೊಂಡು ಕಾದೆ, ಅವಳೂ ಕಾದಳು, ಇಬ್ಬರೂ ಕಾದದ್ದೇ ಕಾದದ್ದು, ಹೊರಗೆ ದೀಪಾಲಿ ಕೇಳಿದಳು, ಏನಂದ್ರವ್ವಾ? ಏನೂ ಅನಲಿಲ್ಲ ಮಗಳ, ಆಕಿ ಮೈಯಾಗ ಇವತ್ತ ದೇವರ ಬಂದಿಲ್ಲ, ಅಂದೆ. ಇದನ್ನೀಗ ಹೇಳಿದರೆ ರೂಪಾಲಿ ಬಾಯಿ ಓಢಣಿಯನ್ನು ಬಾಯಿಗೊತ್ತಿ ನಕ್ಕಳು, ನನ್ನ ಮೈಯಾಗ ಎಂದೂ ಬರೂದಿಲ್ಲರೀ ಮಾವಶಿ, ನೀವೇ ಹೇಳಬೇಕು, ಹೇಳಿದ್ದು ಈ ಬಾಗಲಾ ದಾಟೂದಿಲ್ಲ.

ಏನು ಹೇಳಲಿ, ಶುಕ್ರವಾರ ದೀಪಾಲಿ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಡುತ್ತಾಳೆ, ಕೂಸಿಗೆ ನಾಲ್ಕು ತಿಂಗಳು, ಒಂದು ದಿನವೂ ಮುಟ್ಟಿಲ್ಲ ನಾನು, ಕಾಲು ಚಾಚಿ ಕೂತು ಎಣ್ಣೆ ಹಚ್ಚಿ ಎರೆಯಬೇಕಾದ ಅಜ್ಜಿ, ಎರೆದವಳು ಪಕ್ಕದ ಮನೆಯ ಕಸ್ತೂರಬಾಯಿ, ಹೆಣ್ಣಂತ ಮುಟ್ಟವಲ್ಲಿ ಹೌದಿಲ್ಲ? ನಿನ್ನೆ ಮಗಳು ಅಳುತ್ತ ಕೇಳಿದಳು, ಹಂಗಿದ್ರ ಇನ್ನ ನಾ ತವರಿಗೆ ಬರಂಗಿಲ್ಲ ಬಿಡು, ಅಂದಳು, ಅದಕ್ಕಲ್ಲ — ಇದು ಇಪ್ಪತ್ತೆಂಟು ವರ್ಷದ ಹಿಂದಿನ, ಅವಳು ಹುಟ್ಟುವ ಮೊದಲಿನ ಮಾತು, ಕುರಿ ಹೊಡೆದುಕೊಂಡು ಮರವಡೆಯ ಕಡೆಯಿಂದ ಬರುತ್ತಿದ್ದೆವು, ಬೆನ್ನಿಗೆ ನನ್ನ ಮಗ ಸಿದ್ಧರಾಮ, ಅವನೂ ನಾಲ್ಕು ತಿಂಗಳವನೇ, ಗಾಳಿ ಬಹಳ ಅಂತ ಹಳೆ ಸೀರೆಯಲ್ಲಿ ಬಿಗಿಯಾಗಿ ಕಟ್ಟಿಕೊಂಡಿದ್ದೆ — ಬಿಗಿಯಾಗಿ, ಈ ಮಾತು ಬಾಯಿಂದ ಹೊರಗೆ ಬಂತೇ, ಬಂದೇಬಿಟ್ಟಿತು, ಕೇಳಾಕತ್ತೀನಿ ಹೇಳ್ರಿ, ಅಂತಾಳೆ ಅವಳು — ಮಧ್ಯಾಹ್ನದಿಂದ ಸಂಜೆಯವರೆಗೆ ನಡೆದೆ, ಎರಡು ಹಿಮ್ಮಡಿ ಸೊಂಟಕ್ಕೆ ಬಡಿಯುತ್ತಿದ್ದವು, ಒದೀತಿ ಏನೋ ಕಳ್ಳಾ ಅನ್ನುತ್ತ ನಡೆದೆ, ನಗುತ್ತ ನಡೆದೆ, ಬಿಡಾರಕ್ಕೆ ಬಂದು ಬಿಚ್ಚಿದರೆ ಕೂಸು ಯಾವಾಗಲೋ ತಣ್ಣಗಾಗಿದೆ, ಒದ್ದವನು ಅವನಲ್ಲ, ನಾನಿಟ್ಟ ಹೆಜ್ಜೆಗೇ ಆ ಕಾಲು ಬಂದು ಬಡಿಯುತ್ತಿದ್ದವು. ಕೂಸಿಗೆ ಜ್ವರ ಬಂದಿತ್ತು ಅಂತ ಗಂಡ ಭೀಮಣ್ಣನಿಗೆ ಅಂದೆ, ಊರಿಗೂ ಅದನ್ನೇ ಅಂದೆ. ನಾ ಕಟ್ಟಿದ್ದಕ್ಕ ಹೋದನೇನ್ರಿ ಅವ? ರೂಪಾಲಿ ಬಾಯಿ ಅಂದಳು, ನಂಗ ಗೊತ್ತಿಲ್ಲರೀ ಮಾವಶಿ, ಗೊತ್ತಿದ್ದವರಂಗ ಹೇಳಿದ್ರ ಸುಳ್ಳಾಗ್ತದ, ಆದ್ರ ಇಪ್ಪತ್ತೆಂಟು ವರ್ಷ ನೀವೊಬ್ಬರೇ ಅವನ್ನ ಹೊತ್ತೀರಿ, ಇನ್ನ ಮ್ಯಾಲೆ ಇಬ್ಬರೂ ಕೂಡಿ ಹೊರೂಣು. ಗೊತ್ತಿಲ್ಲ ಅಂತ ಮೈಯಲ್ಲಿ ಬಂದ ದೇವರು ಯಾವತ್ತೂ ಅಂದದ್ದಿಲ್ಲ, ಇವಳು ಅಂದಳು, ಅಂದದ್ದೇ ಎದೆಯಲ್ಲಿ ಎಲ್ಲೋ ಒಂದಿಷ್ಟು ಗಾಳಿ ಆಡಿತು, ಅತ್ತುಬಿಟ್ಟೆ, ಮುಂದಿನ ಮಂಗಳವಾರ ಬರ್ರಿ ಅಂದಳು, ಬರುತ್ತೇನೆ.

ಹೊರಗಿನ ಬೆಂಚಿನ ಮೇಲೆ ದೀಪಾಲಿ, ಮಡಿಲಲ್ಲಿ ಕೂಸು, ಇವತ್ತರ ಬಂತೇನು ದೇವರು? ಕುಟುಕುತ್ತಾಳೆ. ಹೆಣ್ಣಂತಲ್ಲ ನನ್ನವ್ವಾ, ಅಂದೆ. ಮತ್ತ ಯಾಕ? ನಿನಗೊಬ್ಬ ಅಣ್ಣ ಇದ್ದ, ಈ ಕೂಸಿನಷ್ಟ ಇದ್ದ, ನನ್ನ ಬೆನ್ನ ಮ್ಯಾಲೇ ಹೋದ. ಅವಳು ನನ್ನ ಮುಖ ನೋಡಿದಳು, ಸರಿದು ಹತ್ತಿರ ಬಂದಳು, ತೊಡೆಗೆ ತೊಡೆ ತಾಗುವಷ್ಟು, ಕೂಸಿನ ತಲೆ ಅವಳ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ, ಕೈ ನಡುಗುತ್ತಿವೆ, ನಡುಗಲಿ, ನಾನು ಕೂತಿದ್ದೇನೆ, ಅಲ್ಲಾಡದೆ ಕೂತಿದ್ದೇನೆ, ನಡೆಯುತ್ತಿಲ್ಲ, ಎಲ್ಲಿಗೂ ನಡೆಯುತ್ತಿಲ್ಲ — ಸಣ್ಣದೊಂದು ಹಿಮ್ಮಡಿ ಒದೆಯಿತು.