ಭಾನುವಾರದ ಕಷಾಯ

"ಏನತ್ತೆ ಅದು?"

ಬೆನ್ನ ಹಿಂದೆ ಸೊಸೆ ಅನನ್ಯಳ ದನಿ ಕೇಳಿದ್ದೇ ದೇವಿರಮ್ಮ ಕೈಯಲ್ಲಿದ್ದ ಲೋಟವನ್ನು ಸೆರಗಿನ ಮರೆಗೆ ಸರಿಸಿದರು. ಅವಳು ಸ್ನಾನಕ್ಕೆ ಹೋಗಿದ್ದಾಳೆಂದು ನಂಬಿ ಅಡುಗೆಮನೆಯ ಮೂಲೆಯಲ್ಲಿ ಬಿಯರಿಗೆ ಒಂದಿಷ್ಟು ರಮ್ಮು ಬೆರೆಸಿಕೊಂಡಿದ್ದರು. ಗಂಡ ರಾಮಯ್ಯ ಬದುಕಿದ್ದಾಗ ಭಾನುವಾರದ ಬಾಡೂಟಕ್ಕೆ ಮುಂಚೆ ಇಬ್ಬರೂ ರಾಜಾರೋಷವಾಗಿ ಕೂತು ಕುಡಿಯುತ್ತಿದ್ದುದು ಇದನ್ನೇ. ಲಕ್ಷ್ಮೀಪುರಂನ ಬ್ರಾಹ್ಮಣರ ಹುಡುಗಿ ಮನೆ ತುಂಬಿದ ಮೇಲೆ ಎಲ್ಲ ಕದ್ದುಮುಚ್ಚಿ.

"ಕಷಾಯ ಕಣಮ್ಮ. ಕೆಮ್ಮು."

ಕೆಮ್ಮಿ ತೋರಿಸಲು ಹೋದರೆ ತೇಗು ಬಂತು. ಬಿಯರಿಗೆ ಎಲ್ಲಿಯ ಮಾನ ಮರ್ಯಾದೆ!

ಮೊದಲೇ ಮಗ ಸಂಜಯ್, ಸೊಸೆ ಇಬ್ಬರೂ ಬೇರೆ ಮನೆ ನೋಡಿದ್ದರು. ಇವತ್ತು ಓನರ್‌ಗೆ ಮಾತು ಕೊಡಲು ಹೊರಟಿದ್ದರು. ನಮ್ಮ ಅಡುಗೆಮನೆಯ ವಾಸನೆ ಅವಳಿಗೆ ಆಗಿಬರಲಿಲ್ಲ ಎಂದೇ ದೇವಿರಮ್ಮನ ಸಂಕಟ. ಇನ್ನು 'ಹೋಗಬೇಡ' ಎನ್ನಲು ಯಾವ ಬಾಯಿ ಉಳಿಯಿತು?

ಅನನ್ಯ ಲೋಟ ಇಸಕೊಂಡು ಮೂಸಿದಳು. "ಅಯ್ಯೋ, ಹೀಗೆ ಕಲಸಿಬಿಟ್ರೆ ಏನು ಮಜಾ ಅತ್ತೆ?"

ದೊಡ್ಡ ಗಾಜಿನ ಲೋಟಕ್ಕೆ ಅರ್ಧದಷ್ಟು ಬಿಯರ್ ಸುರಿದಳು. ಹಬ್ಬದಲ್ಲಿ ಪಾನಕ ಹಂಚುವ ಬೆರಳುದ್ದದ ಸ್ಟೀಲ್ ಲೋಟಕ್ಕೆ ರಮ್ಮು ತುಂಬಿ, ಅದನ್ನು ಗಾಜಿನ ಲೋಟದೊಳಗೆ ಬಿಯರಿನ ಹತ್ತಿರದವರೆಗೆ ಇಳಿಸಿ ಕೈಬಿಟ್ಟಳು. ಟಣ್ ಎಂದು ತಳ ಸೇರಿತು. ನೊರೆ ಉಕ್ಕಿತು.

"ಬೇಗ ಅತ್ತೆ, ಒಂದೇ ಗುಟುಕಿಗೆ! ಚೆಲ್ಲುತ್ತೆ!"

ದೇವಿರಮ್ಮ ಕಣ್ಮುಚ್ಚಿ ಎತ್ತಿದರು. ಒಳಗಿನ ಪುಟ್ಟ ಲೋಟ ಜಾರಿಬಂದು ಮೂಗಿಗೆ ಬಡಿಯಿತು. ಮೀಸೆಯಂತೆ ನೊರೆ ಅಂಟಿದ ಅತ್ತೆಯನ್ನು ನೋಡಿ ಅನನ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಂದಾಗಿನಿಂದ ಅವಳು ಹೀಗೆ ನಕ್ಕಿದ್ದನ್ನು ದೇವಿರಮ್ಮ ಕಂಡಿರಲಿಲ್ಲ.

"ಎಲ್ ಕಲ್ತೆ ತಾಯಿ ಇದ್ನ?"

"ಕಾಲೇಜಲ್ಲಿ. ನಿಮಗೆ ಗೊತ್ತಾದ್ರೆ ಏನಂದ್ಕೋತೀರೋ ಅಂತ ಭಯ. ಇಡೀ ದಿನ ಒಳ್ಳೆ ಸೊಸೆ ಥರ ಇದ್ದು ಇದ್ದು ಸಾಕಾಗೋಯ್ತು ಅತ್ತೆ. ಅದಕ್ಕೇ ಬೇರೆ ಮನೆ ಅಂದಿದ್ದು."

ದೇವಿರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಂಗಾದ್ರೆ ಒಬ್ರಿಗೊಬ್ರು ಎದ್ರುಕೊಂಡು ಸತ್ವಲ್ಲೇ ನಾವಿಬ್ರೂವೆ! ಮೊದ್ಲೇ ಒಂದ್ ಮಾತು ಯೋಳ್ಬುಟ್ಟಿದ್ರೆ ಆಗ್ತಿರ್ಲಿಲ್ವಾ?"

ಗೇಟಿನ ಬಳಿ ಬೈಕ್ ನಿಂತಿತು. ಸಂಜಯ್ ಅಲ್ಲಿಂದಲೇ ಕೂಗಿದ: "ಅನನ್ಯ, ರೆಡಿನಾ? ಓನರ್ ಕಾಯ್ತಾ ಇದ್ದಾರೆ ಕಣೇ!"

ದೇವಿರಮ್ಮ ಅಭ್ಯಾಸಬಲದಿಂದ ಬಿಯರ್ ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದಕ್ಕೆ ಸರಿಸಹೋದರು. ಅನನ್ಯ ಅದನ್ನು ಅವರ ಕೈಯಿಂದ ತೆಗೆದುಕೊಂಡು ಇನ್ನೊಂದು ಲೋಟಕ್ಕೆ ಬಿಯರ್ ಸುರಿದಳು. ಪುಟ್ಟ ಲೋಟಕ್ಕೆ ರಮ್ಮು ತುಂಬಿ ಅತ್ತೆಯ ಕೈಗೆ ಕೊಟ್ಟಳು.

"ಕಾಯ್ಲಿ," ಎಂದಳು. "ನಂದನ್ನ ನೀವು ಒಳಗೆ ಬಿಡಿ."

ದೇವಿರಮ್ಮ ಬಗ್ಗಿ ಬೆರಳು ಸಡಿಲಿಸಿದರು. ಅನನ್ಯ ಬಾಯಿ ಹಚ್ಚುವಷ್ಟರಲ್ಲಿ ನೊರೆ ಅಂಚು ದಾಟಿ ಕಟ್ಟೆಯ ಮೇಲೆ ಹರಿಯಿತು. ಒರೆಸುವ ಬಟ್ಟೆ ಪಕ್ಕದಲ್ಲೇ ಇತ್ತು, ಇಬ್ಬರೂ ಮುಟ್ಟಲಿಲ್ಲ.